ಬರೀ ಬಣ್ಣದ ಪುಡಿ

ಮಧ್ಯಾಹ್ನ ಊಟ ಆದ್ಮೇಲೆ ರೊಸಾಲ್ಬಾ ಕರಿಯೆರಾ ಅವ್ರ ಸೆಲ್ಫ್ ಪೋರ್ಟ್ರೇಟ್ ಫೋನಲ್ಲಿ ಜೂಮ್ ಮಾಡ್ತಾ ಕೂತಿದ್ದೆ, ಡ್ರೆಸ್ಡೆನ್ ಮ್ಯೂಸಿಯಂನಲ್ಲಿರೋದು, 1731ರ ಹೊತ್ತಿಂದು. ವೆನಿಸ್ ಊರಿನ ಚಿತ್ರ ಕಲಾವಿದೆ, ಆಗ ವಯಸ್ಸು 50 ದಾಟಿತ್ತು, ತಮ್ಮನ್ನೇ ಚಳಿಗಾಲದ ರೂಪದಲ್ಲಿ ಚಿತ್ರ ಬರ್ಕೊಂಡಿದ್ದಾರೆ.

ಕತ್ತಿನ ಸುತ್ತ ಬಿಳೀ ತುಪ್ಪಳ ಇದ್ಯಲ್ಲ, ಅಲ್ಲೇ ಕಣ್ಣು ಸಿಕ್ಕಾಕ್ಕೊಂಡ್ತು. ಒಂದೊಂದೇ ಕೂದ್ಲು ಎಣಿಸಿ ಬರ್ದಿಲ್ಲ, ಒಣ ಪೇಸ್ಟಲ್ ಕಡ್ಡೀನ ಕಾಗದದ ಮೇಲೆ ಹಗೂರಕ್ಕೆ ಎಳ್ದು ಬಿಟ್ಟಿದ್ದಾರೆ ಅಷ್ಟೇ, ಆದ್ರೂ ಉಸಿರು ಬಿಟ್ರೆ ಅಲ್ಲಾಡುತ್ತೇನೋ ಅನ್ಸುತ್ತೆ. ಎಣ್ಣೆ ಇಲ್ಲ ಏನಿಲ್ಲ, ಬರೀ ಪುಡಿ, ಬೆರಳು ತಾಗಿದ್ರೆ ಒರೆಸ್ಕೊಂಡು ಹೋಗೋ ಅಂಥದ್ದು, ಗಾಜಿನ ಹಿಂದೆ ಸುಮಾರು 300 ವರ್ಷದಿಂದ ಹಾಗೇ ಕೂತಿದೆ!

ಕೊನೆಗಾಲದಲ್ಲಿ ಅವ್ರಿಗೆ ಕಣ್ಣೇ ಹೋಯ್ತು, 1757ರಲ್ಲಿ ತೀರ್ಕೊಂಡ್ರು. ಅದನ್ನ ಓದಿದ್ಮೇಲೆ ಮತ್ತೆ ಆ ತುಪ್ಪಳಾನೇ ನೋಡ್ತಿದ್ದೀನಿ.