ಶಾಲೆ ಬಿಟ್ಟ ಮೇಲಿನ ಎರಡು ಗಂಟೆ

ಅಮೆರಿಕದ ಹೈಸ್ಕೂಲಿಗೆ ಹದಿನಾರು ಹದಿನೇಳರ ವಯಸ್ಸಿನಲ್ಲಿ ಬಂದು ಸೇರುವ ವಲಸಿಗ ಮಕ್ಕಳು ಎಷ್ಟೋ ಸಲ ಓದು ಬಿಡುವುದು ದಡ್ಡತನದಿಂದಲ್ಲ, ಕ್ರೆಡಿಟ್ (ಪಾಸಾದ ಪ್ರತಿ ವಿಷಯಕ್ಕೂ ಶಾಲೆ ಕೊಡುವ ಪಾಯಿಂಟ್) ಲೆಕ್ಕ ತಪ್ಪಿ. ಹಾಗಾಗಿ ಇಂಥ ಮಕ್ಕಳಿಗೆಂದು ನೀವು ನಡೆಸುವ ಸಂಜೆಯ ಕಲಿಕಾ ಕೇಂದ್ರದಲ್ಲಿ ಮೊದಲ ವಾರ ಹೋಂವರ್ಕ್ ಪಕ್ಕಕ್ಕಿಟ್ಟು, ಓದಿದ ವಿಷಯ, ಅಂಕಗಳ ದಾಖಲೆಯಾದ ಟ್ರಾನ್‌ಸ್ಕ್ರಿಪ್ಟ್ ಹರಡಿಕೊಂಡು ಕೂರಿ. ಊರಿನ ಅಂಕಪಟ್ಟಿ ಅನುವಾದವಾಗಿ, ಯಾವ ವಿಷಯ ಓದಬೇಕೆಂದು ಹೇಳುವ ಶಾಲೆಯ ಕೌನ್ಸೆಲರ್ ಕೈ ಸೇರಿದೆಯೇ? ಮುಗಿಸಿದ ಬೀಜಗಣಿತವನ್ನೇ ಮತ್ತೆ ಓದಿಸುತ್ತಿದ್ದಾರೆಯೇ? ಡಿಪ್ಲೊಮಾಕ್ಕೆ (ಹೈಸ್ಕೂಲು ಮುಗಿಸಿದ ಪ್ರಮಾಣಪತ್ರಕ್ಕೆ) ಬೇಕಾದ ಕ್ರೆಡಿಟ್, ಶಾಲೆಯಲ್ಲಿ ಉಳಿಯಬಹುದಾದ ವಯಸ್ಸು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ಹುಡುಗನ ಕೈಗೆ ಕೊಡಿ.

ವೀಸಾ ವಿಷಯ ನೀವಾಗಿ ಕೇಳಲೇಬೇಡಿ. ಅಮೆರಿಕದ ಸುಪ್ರೀಂ ಕೋರ್ಟಿನ 1982ರ ಪ್ಲೈಲರ್ ವಿರುದ್ಧ ಡೋ ತೀರ್ಪಿನಂತೆ ಕಾಗದಪತ್ರ ಇಲ್ಲದ ಮಗುವಿಗೂ ಸರ್ಕಾರಿ ಶಾಲೆಯ ಬಾಗಿಲು ತೆರೆದಿದೆ. ನಿಮ್ಮ ಫಾರಂನಲ್ಲಿ ಆ ಒಂದು ಕಾಲಂ ಇದ್ದರೆ ಸಾಕು, ಮರುದಿನ ಮಗು ಬರುವುದಿಲ್ಲ. ಆದರೆ ತಂದೆಯೋ ತಾಯಿಯೋ ತೊರೆದ ವಿಷಯ ಮಗುವೇ ಬಾಯಿಬಿಟ್ಟರೆ ವಲಸೆ ವಕೀಲರ ಬಳಿ ಬೇಗ ಕಳಿಸಿ. ಹೀಗೆ ತೊರೆಯಲ್ಪಟ್ಟ ಮಕ್ಕಳಿಗೆ ಕಾನೂನುಬದ್ಧ ವಾಸದ ದಾರಿ ತೆರೆಯುವ ಸ್ಪೆಷಲ್ ಇಮಿಗ್ರೆಂಟ್ ಜುವೆನೈಲ್ ಅರ್ಜಿಯನ್ನು 21 ತುಂಬುವುದರೊಳಗೆ ಹಾಕಬೇಕು. ಅದಕ್ಕೆ ಬೇಕಾದ ಕೋರ್ಟ್ ಆದೇಶ ಕೆಲವು ರಾಜ್ಯಗಳಲ್ಲಿ 18 ದಾಟಿದರೆ ಸಿಗದು.

ಮಗುವಿಗೆ ಜೊತೆಯಾಗಿ ದಾರಿ ತೋರುವ ಮೆಂಟರ್ ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿಗೆ, ಕನಿಷ್ಠ ಒಂದು ವರ್ಷ ಬರಬೇಕು. ಮೂರು ತಿಂಗಳಿಗೆ ಕೈಕೊಡುವವರಿಗಿಂತ ಇಲ್ಲದಿರುವುದೇ ವಾಸಿ. (ಕಾಲೇಜು ಹುಡುಗರು ಉತ್ಸಾಹದಿಂದ ಬರುತ್ತಾರೆ, ಮೇ ಬಂದು ಕಾಲೇಜು ಮುಗಿಯಿತೆಂದರೆ ಮಾಯ.)

ಹಾಜರಾತಿ ಕುಸಿದರೆ ಬಸ್ಸು, ಹುಡುಗನ ಹೋಟೆಲ್ ಕೆಲಸದ ಪಾಳಿ, ಮನೆಯಲ್ಲಿನ ಪುಟ್ಟ ತಂಗಿ, ಇವನ್ನು ಮೊದಲು ವಿಚಾರಿಸಿ. ತಂಗಿಯನ್ನೂ ಕರೆತರಲಿ, ತಿಂಡಿ ಕೊಡಿ. ಪೋಷಕರ ಸಭೆಗೆ ದುಭಾಷಿ ಒದಗಿಸುವುದು ಶಾಲೆಯ ಹೊಣೆ, ಪಟ್ಟುಹಿಡಿದು ಕೇಳಿ. ಮಗನನ್ನೇ ದುಭಾಷಿ ಮಾಡಿದರೆ ಗಣಿತದ ‘ಎಫ್’ (ನಪಾಸು) ಅಮ್ಮನ ಕಿವಿಗೆ ‘ಪರವಾಗಿಲ್ಲ’ ಎಂದೇ ಬೀಳುತ್ತದೆ.