ಮಿಸೆಸ್ ಆಲ್ಬರ್ಟ್ ಬ್ರೂಮ್ ಅವರ ಗಿರಾಕಿಗಳು

2015ರ ಬೇಸಿಗೆಯಲ್ಲಿ ತಂಗಿಯ ಬಾಣಂತನಕ್ಕೆಂದು ಲಂಡನ್ನಿಗೆ ಹೋಗಿದ್ದೆ. ಒಂದು ಮಧ್ಯಾಹ್ನ ಅವಳೇ ನನ್ನನ್ನು ಹೊರಗಟ್ಟಿದಳು: "ಅಕ್ಕಾ, ಡಾಕ್‌ಲ್ಯಾಂಡ್ಸ್ ಮ್ಯೂಸಿಯಂನಲ್ಲಿ ಹೆಂಗಸೊಬ್ಬಳು ತೆಗೆದ ಹಳೆಯ ಫೋಟೋಗಳನ್ನು ಇಟ್ಟಿದ್ದಾರಂತೆ, ನೋಡಿಕೊಂಡು ಬಾ." ಮದುವೆಮನೆಗಳಲ್ಲಿ ಫೋಟೋ ತೆಗೆದೇ ಸಂಸಾರ ತೂಗಿಸಿದವಳು ನಾನು, ಹೋಗದಿರಲಾಗಲಿಲ್ಲ.

ಕ್ರಿಸ್ಟಿನಾ ಬ್ರೂಮ್. ಕ್ರಿಕೆಟ್ ಆಟದಲ್ಲಿ ಗಂಡನ ಕಾಲಿಗೆ ಬಿದ್ದ ಪೆಟ್ಟು ವಾಸಿಯಾಗದೆ ಮನೆಯ ಸಂಪಾದನೆಗೆ ಕುತ್ತು ಬಂದಾಗ, 1903ರಲ್ಲಿ, ನಲವತ್ತು ದಾಟಿದ ಈಕೆ ಎರವಲು ಕ್ಯಾಮೆರಾ ಹಿಡಿದು ಬೀದಿಗಿಳಿದಳು. ಮಗಳು ವಿನಿಫ್ರೆಡ್ ಶಾಲೆ ಬಿಟ್ಟು ಜೊತೆಯಾದಳು. ಕಲ್ಲಿದ್ದಲು ತುಂಬುವ ನೆಲಮಾಳಿಗೆಯೇ ಫೋಟೋ ತೊಳೆಯುವ ಡಾರ್ಕ್‌ರೂಮ್. ಬಕಿಂಗ್‌ಹ್ಯಾಮ್ ಅರಮನೆಯ ಕುದುರೆಲಾಯದ ಗೇಟಿನ ಬಳಿ ಪೋಸ್ಟ್‌ಕಾರ್ಡ್ ಅಂಗಡಿ. ಕಾರ್ಡುಗಳ ಮೇಲೆ ಗಂಡನ ಹೆಸರೇ: 'ಮಿಸೆಸ್ ಆಲ್ಬರ್ಟ್ ಬ್ರೂಮ್'. ದುಡಿದವಳು ಯಾರೋ, ಹೆಸರು ಯಾರದೋ! ನಮ್ಮ ಸ್ಟುಡಿಯೋದ ಬೋರ್ಡೂ ಹಾಗೆಯೇ ಇತ್ತು ಬಿಡಿ.

ಬಹಳ ಹೊತ್ತು ನಿಂತದ್ದು 1909ರ ಮೇ ತಿಂಗಳ ಚಿತ್ರಗಳ ಮುಂದೆ. ಮತದ ಹಕ್ಕಿಗಾಗಿ ಹೋರಾಡುತ್ತಿದ್ದ ಮಹಿಳೆಯರು ನೈಟ್ಸ್‌ಬ್ರಿಜ್‌ನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಸಿದ್ದರು. ಅದರ ಪ್ರಚಾರಕ್ಕೆ ಬಿಳಿಯುಡುಪಿನ ಹುಡುಗಿಯರು ಸಾಲಾಗಿ ನಿಂತಿದ್ದಾರೆ. ನೇರಳೆ, ಬಿಳಿ, ಹಸಿರು ಅವರ ಸಂಘಟನೆಯ ಬಣ್ಣಗಳು. ಫೋಟೋದಲ್ಲಿ ಎಲ್ಲವೂ ಬೂದು. ಆದರೆ ಕಣ್ಣುಗಳನ್ನು ನೋಡಬೇಕು! ಒಬ್ಬಳಿಗೂ ಸಂಕೋಚವಿಲ್ಲ. ಗ್ರೂಪ್ ಫೋಟೋ ತೆಗೆದವರಿಗೆ ಗೊತ್ತು, ಆ ಸಲಿಗೆ ಕೇಳಿದರೆ ಸಿಗುವುದಲ್ಲ. ಅದೂ ಫಿಲ್ಮಿನ ಬದಲು ಭಾರದ ಗಾಜಿನ ಪ್ಲೇಟುಗಳ ಮೇಲೆ ಚಿತ್ರ ತೆಗೆಯುತ್ತಿದ್ದ ಕಾಲದಲ್ಲಿ.

ಇದೇ ಹೋರಾಟದ ಇನ್ನೊಂದು ಬಗೆಯ ಫೋಟೋಗಳೂ ಇವೆ. 1913ರಲ್ಲಿ ಪೊಲೀಸರು ಲಂಡನ್ನಿನ ಹಾಲೊವೇ ಜೈಲಿನ ಅಂಗಳದಲ್ಲಿ ಕೈದಿಗಳಾಗಿದ್ದ ಹೋರಾಟಗಾರ್ತಿಯರ ಚಿತ್ರಗಳನ್ನು ಕದ್ದು ತೆಗೆಸಿದರು. ಮ್ಯಾಂಚೆಸ್ಟರ್‌ನಲ್ಲಿ ಎವೆಲಿನ್ ಮನೆಸ್ಟಾ ಎಂಬ ಹೋರಾಟಗಾರ್ತಿ ಕ್ಯಾಮೆರಾಕ್ಕೆ ಮುಖ ಕೊಡಲೊಪ್ಪದಿದ್ದಾಗ ಕಾವಲಿನವರು ಕತ್ತನ್ನು ಬಳಸಿ ಹಿಡಿದರು. ಆಮೇಲೆ ಆ ಕೈಯನ್ನು ಫೋಟೋದಿಂದ ಅಳಿಸಿ, ಗುರುತು ಹಿಡಿಯಲೆಂದು ಚಿತ್ರವನ್ನು ಹಂಚಿದರು. ರಿಟಚಿಂಗ್ ನಾನೂ ಮಾಡಿದ್ದೇನೆ, ಮದುಮಗಳ ಮೊಡವೆ ಮುಚ್ಚಲು. ಇದಕ್ಕೆ ಏನೆನ್ನಬೇಕೋ!

ಮ್ಯೂಸಿಯಂನಲ್ಲಿ ಆ ಹುಡುಗಿಯರ ಚಿತ್ರಗಳ ಪಕ್ಕದ ಗೋಡೆಯ ತುಂಬ ಅರಮನೆಯ ಕಾವಲು ಪಡೆಯ ಸೈನಿಕರು. ಅವರೂ ಕ್ರಿಸ್ಟಿನಾಳ ಗಿರಾಕಿಗಳೇ. ಹಾಗಾದರೆ ಈಕೆ ನಿಜವಾಗಿ ಯಾರ ಪರ ಎಂದು ರಾತ್ರಿ ತಂಗಿ ಕೇಳಿದಳು. ನನಗೆ ಆ ಪ್ರಶ್ನೆಯೇ ಹಿಡಿಸಲಿಲ್ಲ. ಮನೆಯಲ್ಲಿ ಕಾಲು ನೋವಿನ ಗಂಡ, ಕಲಿಯುವ ವಯಸ್ಸಿನ ಮಗಳು. ಕಾರ್ಡು ಮಾರಿಹೋದರೆ ತಾನೇ ಮರುದಿನದ ಪ್ಲೇಟುಗಳಿಗೆ ಕಾಸು?