ಗಣಿಯೊಳಗಿನ ಬಾಂಬು, ಮೇಲಿನ ಹೆಲಿಕಾಪ್ಟರ್

ಜಾನ್ ವೂ ಅವರ ‘ಬ್ರೋಕನ್ ಆ್ಯರೋ’ (1996) ಸಿನಿಮಾ ಈಗಲೂ ಬೋರ್ ಹೊಡೆಸಲ್ಲ. ಯೂಟಾದ ಮರುಭೂಮಿ, ಕದ್ದ ಎರಡು ಬಿ83 ಅಣುಬಾಂಬು, ಹಲ್ಲು ಕಿರಿಯುವ ಖಳನಾಗಿ ಜಾನ್ ಟ್ರವೋಲ್ಟಾ, ಇಷ್ಟು ಸಾಕು. ಆದರೆ ತಾಮ್ರದ ಗಣಿಯೊಳಗೆ ಒಂದು ಸಿಡಿದು, ವಿದ್ಯುತ್ ಉಪಕರಣಗಳನ್ನು ಕೆಡಿಸುವ ಅದರ ವಿದ್ಯುತ್ಕಾಂತೀಯ ಹೊಡೆತಕ್ಕೆ ಮೇಲಿದ್ದ ಹೆಲಿಕಾಪ್ಟರ್ ಉದುರುತ್ತದಲ್ಲ, ಅದು ಶುದ್ಧ ರೀಲು. ಸ್ಫೋಟದ ಗಾಮಾ ಕಿರಣ ಗಾಳಿಯ ಕಣಗಳಿಂದ ಎಲೆಕ್ಟ್ರಾನ್ ಕಿತ್ತೆಸೆದು, ಅವು ಭೂಮಿಯ ಕಾಂತಕ್ಷೇತ್ರದಲ್ಲಿ ತಿರುಗಿದರೆ ತಾನೇ ಅಂಥ ಹೊಡೆತ? ನೆಲದಡಿ ಸಿಡಿದರೆ ಗಾಮಾವನ್ನು ಬಂಡೆಯೇ ನುಂಗಿಬಿಡುತ್ತದೆ. 1962ರ ಜುಲೈನಲ್ಲಿ ಅಮೆರಿಕ ‘ಸ್ಟಾರ್‌ಫಿಶ್ ಪ್ರೈಮ್’ ಎಂಬ ಅಣುಬಾಂಬು ಪರೀಕ್ಷೆಯಲ್ಲಿ ಸಿಡಿಸಿದ್ದು 400 ಕಿ.ಮೀ. ಎತ್ತರದಲ್ಲಿ, ಅದರ ಹೊಡೆತಕ್ಕೆ ಸುಮಾರು 1,400 ಕಿ.ಮೀ. ದೂರದ ಹವಾಯಿಯಲ್ಲಿ ಬೀದಿದೀಪಗಳು ಆರಿದವು.

ಸಿನಿಮಾದಲ್ಲಿ ಬರುವ, ಬಾಂಬು ಸಿಡಿಸುವ ಕೋಡ್ ವಿಷಯ ಪರವಾಗಿಲ್ಲ. ಮೇಲಿಂದ ಮೇಲೆ ತಪ್ಪು ಕೋಡ್ ಹಾಕಿದರೆ ಲಾಕ್ ಆಗುವ ಪಿಎಎಲ್ ಎಂಬ ಬೀಗದ ವ್ಯವಸ್ಥೆ ಅಣುಬಾಂಬುಗಳಲ್ಲಿ ನಿಜಕ್ಕೂ ಇದೆ. ಆಮೇಲೆ ಕಳ್ಳನ ಕೈಲಿ ಉಳಿಯುವುದು ಸಾವಿರ ಕಿಲೋ ಮೀರಿದ ಭಾರ. ಹಾಗಂತ ನಿರುಪದ್ರವಿಯೇನಲ್ಲ. 1966ರಲ್ಲಿ ಸ್ಪೇನಿನ ಪಾಲೊಮಾರೆಸ್ ಬಳಿ ಅಮೆರಿಕದ ವಿಮಾನದಿಂದ ಬಿದ್ದ ನಾಲ್ಕು ಅಣುಬಾಂಬುಗಳಲ್ಲಿ ಎರಡರ ಮಾಮೂಲಿ ಸ್ಫೋಟಕ ಸಿಡಿಯಿತು. ಅಣುಸ್ಫೋಟ ಆಗಲಿಲ್ಲ, ಹೊಲದ ತುಂಬ ಪ್ಲುಟೋನಿಯಂ ಚೆಲ್ಲಿತು. ಮೇಲ್ಮಣ್ಣು ಕೆರೆದು, ಪೀಪಾಯಿಗೆ ತುಂಬಿ, ಅಮೆರಿಕಕ್ಕೆ ಸಾಗಿಸಿದರು.